ರವಿವಾರದ ಓದು

ಡಫಳಾಪುರದಲ್ಲಿ ನಾವು ಶಾಲೆಯ ಕೆಲಸವಲ್ಲದೆ ರವಿವಾರ ಮುಂಜಾನೆ ಒಂದು ತಾಸು ಬೇರೊಂದು ಪಾಠವನ್ನೂ ನಡೆಸುತ್ತ ಬಂದಿದ್ದೇವೆ. ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುವ ಮಕ್ಕಳಿಗಾಗಿ ಈ ಪಾಠ. ಬರುವವರು ಎಂಟು ಹತ್ತು ಜನ. ಲಗ್ನದ ದಿನಗಳಲ್ಲಿ ಮೂವರು. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗನು ಪಾಠವೊಂದನ್ನು ಎಡವದೆ ಓದಿ ಮುಗಿಸಿ, ಪುಸ್ತಕವನ್ನು ಮುಚ್ಚಿ, “ಗುರುಗಳ, ಓದಾಕ ಬಂತ್ರಿ. ಇನ್ನ ಮುಂದೇನ್ರಿ?” ಎಂದು ಕೇಳಿದನು. ಶಾಲೆಯಲ್ಲಾದರೆ ಪರೀಕ್ಷೆಯುಂಟು, ಮೇಲಿನ ಇಯತ್ತೆಯುಂಟು. ರವಿವಾರದ ಪಾಠಕ್ಕೆ ಏನುಂಟು? ನಮ್ಮಲ್ಲಿ ಉತ್ತರವಿರಲಿಲ್ಲ.

ಆಗ ನಮಗೆ ನೆನಪಾದದ್ದು ಅಲಿಬಾಗ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ‘ಇಸ್ರಾಯಲ್ ಆಳಿ’ ಎಂಬ ಓಣಿಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಕಂಡಿದ್ದೆವು. ನಮ್ಮನ್ನು ಕರೆದು ಕೂಡ್ರಿಸಿಕೊಂಡ ವೃದ್ಧರು ಅಚ್ಚ ಕೊಂಕಣದ ಮರಾಠಿಯಲ್ಲಿ ತಮ್ಮ ಜನರ ಕಥೆಯನ್ನು ಹೇಳಿದರು. ಇವರು ಬೆನೆ ಇಸ್ರಾಯೇಲರು. ಹಡಗೊಡೆದು ನವಗಾಂವದ ದಂಡೆಗೆ ಬಂದು ಬಿದ್ದ ಏಳು ಗಂಡಸರು ಮತ್ತು ಏಳು ಹೆಂಗಸರ ಸಂತತಿ ತಾವೆಂಬುದು ಅವರ ನಂಬಿಕೆ. ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ; ಆದುದರಿಂದ ಊರವರು ‘ಶನಿವಾರ ತೇಲಿ’ ಎಂದು ಕರೆದರು. ನಮ್ಮ ಗಡಿನಾಡಿನವರಂತೆಯೇ ಅವರಿಗೂ ಊರಿನಿಂದ ಬಂದ ಅಡ್ಡಹೆಸರುಗಳು: ದಿವೇಕರ, ಪೇಣಕರ, ಕೇಹಿಮಕರ.

ಗ್ರಂಥಗಳಿರಲಿಲ್ಲ. ಹೀಬ್ರೂ ಮರೆತುಹೋಗಿತ್ತು. ‘ಶೆಮಾ’ ಎಂಬ ಪ್ರಾರ್ಥನೆಯ ಮೊದಲ ಮಾತುಗಳು ಮಾತ್ರ ಬಾಯಲ್ಲಿ ಉಳಿದುಕೊಂಡಿದ್ದುವು. ದಾವೀದ ರಹಾಬಿ ಎಂಬಾತನು ಬಂದು, ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನು ಇಟ್ಟು ಅಡಿಗೆ ಮಾಡಹೇಳಿದಾಗ ಅವರು ಈಜುರೆಕ್ಕೆಯೂ ಪೊರೆಯೂ ಇಲ್ಲದವನ್ನು ಬೇರ್ಪಡಿಸಿ ಇಟ್ಟರೆಂದೂ, ಅದರಿಂದ ಇವರು ಯೆಹೂದ್ಯರೇ ಎಂದು ಅರಿತು ಆತನು ಮೂವರಿಗೆ ವಿದ್ಯೆ ಕಲಿಸಿದನೆಂದೂ ಐತಿಹ್ಯವಿದೆ. ಕನ್ನಡನಾಡಿಗೂ ಈ ಕಥೆಯ ಎಳೆಯೊಂದು ತಾಗಿದೆ. ಟೀಪೂವಿನ ಸೆರೆಯಿಂದ ಬದುಕಿ ಬಂದ ಸ್ಯಾಮ್ಯುಅಲ್ ದಿವೇಕರನೇ 1796ರಲ್ಲಿ ಮುಂಬಯಿಯ ಮೊದಲ ಯೆಹೂದ್ಯ ಮಂದಿರವನ್ನು ಕಟ್ಟಿಸಿದನು. ಮುಂದೆ ಜಾನ್ ವಿಲ್ಸನ್ ಎಂಬ ಪಾದ್ರಿಯು 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಬರೆದನು; 1875ರಲ್ಲಿ ಹಾಯೀಮ್ ಸ್ಯಾಮ್ಯುಅಲ್ ಕೇಹಿಮಕರರು ಮುಂಬಯಿಯಲ್ಲಿ ತಮ್ಮವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮರೆತ ಲಿಪಿಯನ್ನು ನೆರೆಮನೆಯ ಭಾಷೆಯ ಮೂಲಕ ಮರಳಿ ಕಲಿತರು! 1948ರಲ್ಲಿ ಇಸ್ರೇಲ್ ರಾಷ್ಟ್ರವಾದ ಬಳಿಕ ಬಹುಜನರು ಅಲ್ಲಿಗೆ ತೆರಳಿದರು.

ಉಪಾಧ್ಯಾಯರಾದ ನಮ್ಮನ್ನು ಹಿಡಿದು ನಿಲ್ಲಿಸಿದ್ದು ‘ಬಾರ್ ಮಿತ್ಸವಾ’ ಎಂಬ ಪದ್ಧತಿ. ‘ಆಜ್ಞೆಯ ಮಗ’ ಎಂದು ಅದರ ಅರ್ಥ. ಹದಿಮೂರು ತುಂಬಿದ ಹುಡುಗನನ್ನು ಸಭೆಯ ನಡುವೆ ಧರ್ಮಗ್ರಂಥದ ಸುರುಳಿಯ ಮುಂದಕ್ಕೆ ಕರೆಯುತ್ತಾರೆ. ಪ್ರಾರ್ಥನೆಗೆ ಬೇಕಾದ ಹತ್ತು ಜನರಲ್ಲಿ ಅವನೂ ಒಬ್ಬನೆಂದು ಆ ವಯಸ್ಸಿನಿಂದ ಎಣಿಕೆಯಾಗುತ್ತದೆ. ಅನೇಕ ದೇಶಗಳಲ್ಲಿ ಮಕ್ಕಳು ವಾರಕ್ಕೊಮ್ಮೆ ಹೀಬ್ರೂ ಪಾಠಕ್ಕೆ ಹೋಗಿ ಇದಕ್ಕೆ ಸಿದ್ಧರಾಗುತ್ತಾರೆ. ಹುಡುಗಿಯರಿಗೂ ಇಂಥದೊಂದು ಓದು 1922ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಓದಿದವಳು ಜೂಡಿತ್ ಕಪ್ಲಾನ್.

ಓದು ಸುಲಭದ್ದಲ್ಲ. ಹೀಬ್ರೂವಿನ ಇಪ್ಪತ್ತೆರಡು ಅಕ್ಷರಗಳೂ ವ್ಯಂಜನಗಳು. ಮಕ್ಕಳ ಪುಸ್ತಕದಲ್ಲಿ ಸ್ವರಗಳನ್ನು ಚುಕ್ಕೆ ಗೆರೆಗಳಿಂದ ತೋರಿಸಿರುತ್ತಾರೆ. ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿಯಲ್ಲಿ ಅವು ಇರುವುದಿಲ್ಲ, ರಾಗದ ಗುರುತುಗಳೂ ಇಲ್ಲ. ನಮ್ಮ ಕಾಗುಣಿತವನ್ನೆಲ್ಲ ಅಳಿಸಿ ಕ, ಮ, ಲ ಎಂದಷ್ಟೇ ಬರೆದಿಟ್ಟರೆ ಅದು ಕಮಲವೋ ಕೋಮಲವೋ ಎಂಬುದನ್ನು ಓದುವವನೇ ಬಲ್ಲವನಾಗಿರಬೇಕಷ್ಟೆ! ಹುಡುಗ ತಪ್ಪಿದರೆ ಪಕ್ಕದಲ್ಲಿ ನಿಂತವರು ಅಲ್ಲಿಯೇ ತಿದ್ದುತ್ತಾರೆ. ಅವನು ಮರಳಿ ಓದುತ್ತಾನೆ. ಅಂಕಗಳಿಲ್ಲ, ನಪಾಸಿಲ್ಲ. ಆದರೆ ಊರೆಲ್ಲ ಕಿವಿಗೊಟ್ಟು ಕುಳಿತಿರುತ್ತದೆ. ಅರ್ಥವರಿಯದೆ ಬಾಯಿಪಾಠ ಮಾಡುವ ಹುಡುಗರೂ ಉಂಟು. ಆ ದಿನ ಮುಗಿದೊಡನೆ ಪಾಠವನ್ನೇ ಬಿಟ್ಟುಬಿಡುತ್ತಾರೆಂಬ ಕೊರಗು ಆ ಜನರಲ್ಲಿಯೂ ಇದೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಹುಡುಗನಿಗೆ ನಾವು ಒಂದು ಸುರುಳಿಯನ್ನು ಹುಡುಕಿದೆವು. ಅವನ ಅಜ್ಜ ಸೋಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಮನೆಗೆ ಬರೆದ ಕಾಗದಗಳು ಅಜ್ಜಿಯ ಟ್ರಂಕಿನಲ್ಲಿದ್ದುವು. ಅಜ್ಜಿಗೆ ಓದು ಬಾರದು. ಮಗ ಸೊಸೆ ಇಬ್ಬರೂ ಮರಾಠಿಯಲ್ಲಿ ಕಲಿತವರು. ಒಂದು ಕಾಗದದ ಮೇಲೆ ನಾಲ್ಕು ರವಿವಾರಗಳು ಕಳೆದುವು. ಅಚ್ಚಿನ ಅಕ್ಷರವನ್ನು ಬಲ್ಲವನಿಗೆ ಗಿರಣಿಯ ಕೆಲಸಗಾರನ ಕೈಬರಹವು ಬೇರೆ ಲಿಪಿಯೇ ಆಯಿತು. ಐದನೆಯ ರವಿವಾರ ಅವರ ಮನೆಯ ಕಟ್ಟೆಯ ಮೇಲೆ ನೆರೆಯವರೆಲ್ಲ ಕುಳಿತರು. ಹುಡುಗನು ನಿಂತು ಓದತೊಡಗಿದನು. ಎರಡನೆಯ ಸಾಲಿನಲ್ಲಿ ‘ಬಿಳಿ ಎತಿಗೆ’ ಎಂದನು.

“ಎತಿ ಅಲ್ಲೋ, ಎತ್ತು! ನಮ್ಮ ಬಿಳೀ ಎತ್ತಿಗೆ ನೀರ ಕುಡಸ್ರಿ ಅಂತ ಬರದಾರ” ಎಂದು ಅಜ್ಜಿ ಒಳಗಿನಿಂದಲೇ ಕೂಗಿದರು. ಎಂದೋ ಯಾರೋ ಓದಿ ಹೇಳಿದ್ದ ಕಾಗದವು ಅವರಿಗೆ ಅಕ್ಷರಶಃ ಬಾಯಿಗೆ ಬಂದಿತ್ತು. ಹುಡುಗನು ನಾಚಿ, ಮರಳಿ ಆ ಸಾಲನ್ನು ಓದಿದನು. ಮುಂದೆ ಎರಡು ಕಡೆ ಅಜ್ಜಿ ತಿದ್ದಿದರು. ಒಂದು ಕಡೆ ಅಜ್ಜಿಯೇ ತಪ್ಪಿದ್ದರು, ಕಾಗದದಲ್ಲಿ ಬೇರೆಯೇ ಇತ್ತು. ಹುಡುಗನು ತನ್ನ ಮಾತನ್ನು ಬಿಡಲಿಲ್ಲ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತ ನಿಂತರು.

ಮುಂದಿನ ರವಿವಾರ ಹುಡುಗನು ಪಾಠಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅಲಿಬಾಗದ ವೃದ್ಧರು ನಮಗೆ ನೆನಪಾದರು. ಮೂರನೆಯ ವಾರ ಅಜ್ಜಿ ಇನ್ನೊಂದು ಕಾಗದವನ್ನು ಮೊಮ್ಮಗಳ ಕೈಯಲ್ಲಿ ಕೊಟ್ಟು ಕಳುಹಿಸಿದ್ದರು. ಆ ಹುಡುಗಿಗೆ ಒತ್ತಕ್ಷರ ಇನ್ನೂ ಬಾರದು.