ಹಬ್ಬದ ಆಟ, ವಾರದ ಆಟ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಂಥವರಿಗೆ ನೆನಪಾಗುವುದು ಕ್ರಿಕೆಟ್. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್ 112 ರನ್ ಹೊಡೆದು ಭಾರತದ ಗೆಲುವಿಗೆ ಹೆಗಲು ಕೊಟ್ಟದ್ದನ್ನು ಮನೆಯ ಹಿರಿಯರು ಪುರಾಣದಂತೆ ಹೇಳುತ್ತಿದ್ದರು. ಆ ಊರನ್ನು ರಾಜಧಾನಿಯಾಗಿ ಉಳ್ಳ ಟ್ರಿನಿಡಾಡ್ ಮತ್ತು ಟೊಬಾಗೊ ದೇಶದವರಿಗೆ ಫುಟ್‌ಬಾಲ್ ಎಂದರೂ ಪ್ರಾಣವೇ ಎಂಬುದು ನನಗೆ ತಿಳಿದದ್ದು 2006ರಲ್ಲಿ, ಮಗ ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂತಾಗ.

ಸುಮಾರು 13 ಲಕ್ಷ ಜನಸಂಖ್ಯೆಯ ದೇಶ. ವಿಶ್ವಕಪ್ಪಿಗೆ ಅಲ್ಲಿಯವರೆಗೆ ಬಂದವರಲ್ಲೆಲ್ಲ ಅತಿ ಚಿಕ್ಕದು. ಒಬ್ಬ ಆಟಗಾರನನ್ನು ಹೊರಗೆ ಕಳಿಸಿದರೂ ಉಳಿದ ಹತ್ತು ಜನ ಬಲಾಢ್ಯ ಸ್ವೀಡನ್ನಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಆಟ ಗೊತ್ತಿಲ್ಲದ ನಾನೂ ಚಪ್ಪಾಳೆ ತಟ್ಟಿದೆ!

ಆ ತಂಡದ ನಾಯಕ ಡ್ವೈಟ್ ಯಾರ್ಕ್ ಟೊಬಾಗೊದ ಹುಡುಗ. 1989ರ ನವೆಂಬರ್ 19ರಂದು ಅಮೆರಿಕದ ಎದುರು ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು, ಅವರು ಅಂದೇ ವಿಶ್ವಕಪ್ಪಿಗೆ ಹೋಗುತ್ತಿದ್ದರು. ಕ್ರೀಡಾಂಗಣವೆಲ್ಲ ಕೆಂಪು ಬಟ್ಟೆ ತೊಟ್ಟು ಕಾದಿತ್ತು. ಒಂದು ಗೋಲಿನಿಂದ ಸೋತರು. ಪ್ರೇಕ್ಷಕರು ಗಲಾಟೆ ಮಾಡಲಿಲ್ಲ. ಆ ಸಜ್ಜನಿಕೆಗೆ ಫಿಫಾ ಪ್ರಶಸ್ತಿ ಕೊಟ್ಟಿತು. ಅಂದಿನ ತಂಡದಲ್ಲಿ ಹದಿನೆಂಟರ ಯಾರ್ಕ್ ಇದ್ದ. ಅದೇ ವರ್ಷ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಕ್ಲಬ್ಬಿನವರು ಪ್ರವಾಸಕ್ಕೆ ಬಂದಾಗ ಅವನನ್ನು ಗುರುತಿಸಿದ್ದರು.

ಇವೆಲ್ಲ ಹಬ್ಬದ ದಿನಗಳು. ನನಗೆ ಕುತೂಹಲ ಹುಟ್ಟಿದ್ದು ಉಳಿದ ದಿನಗಳ ಬಗ್ಗೆ. ಅಲ್ಲಿ 1999ರಲ್ಲಿ ವೃತ್ತಿಪರ ಲೀಗ್ ಶುರುವಾಯಿತು. 2006ರ ತಂಡದಲ್ಲಿ ಈ ಲೀಗಿನ ಸಾನ್ ಹುವಾನ್ ಜಬ್ಲೋಟೆ ಕ್ಲಬ್ಬಿನವರೂ ಇದ್ದರು. ಸೈನಿಕರದ್ದೊಂದು ಕ್ಲಬ್ಬು, ಡಿಫೆನ್ಸ್ ಫೋರ್ಸ್, ಪೊಲೀಸರದ್ದೊಂದು. ಜೋ ಪಬ್ಲಿಕ್ ಎಂಬುದೂ ಇತ್ತು. ಹೆಸರಿಗೆ ಸಾಮಾನ್ಯ ಮನುಷ್ಯ, ಒಡೆಯ ಮಾತ್ರ ಫಿಫಾದ ಉಪಾಧ್ಯಕ್ಷ ಜ್ಯಾಕ್ ವಾರ್ನರ್! 2011ರಲ್ಲಿ ಅವರು ಹುದ್ದೆ ಬಿಟ್ಟರು. ಮುಂದೆ ಕ್ಲಬ್ಬೂ ಲೀಗಿನಿಂದ ಮರೆಯಾಯಿತು. ಸಂಬಳದ ನೌಕರಿಯ ಬೆನ್ನೆಲುಬಿದ್ದ ಸೈನಿಕರೂ ಪೊಲೀಸರೂ ಉಳಿದರು. ಧಣಿಯ ದುಡ್ಡು ಮಳೆಗಾಲದ ಹೊಳೆ. ತಿಂಗಳ ಸಂಬಳ ಮನೆಯ ಬಾವಿ.

2020ರಲ್ಲಿ ಕೊರೋನಾ ಬಂದು ಲೀಗ್ ನಿಂತಿತು. ಹೊಸ ಹೆಸರಿನಲ್ಲಿ ಮತ್ತೆ ಆರಂಭವಾದದ್ದು 2023ರಲ್ಲಿ. ಮೂರು ವರ್ಷ ತಾನೇ ಎನ್ನಬಹುದು. ಮೇಷ್ಟರ ಕೆಲಸ ಮಾಡಿದವರು ಹಾಗೆನ್ನಲಾರರು. ಹದಿನೇಳರ ಹುಡುಗ ಇಪ್ಪತ್ತಾಗಿಬಿಡುತ್ತಾನೆ. ನಮ್ಮ ಶಾಲೆಯ ಹುಡುಗಿಯರ ಖೋ ಖೋ ತಂಡಕ್ಕೆ ದಾನಿಯೊಬ್ಬರು ಎರಡು ವರ್ಷ ಬಟ್ಟೆ, ಬಸ್ಸಿನ ಖರ್ಚು ಕೊಟ್ಟರು. ಫೋಟೋ ಪೇಪರಿನಲ್ಲಿ ಬಂದ ಮೇಲೆ ನಿಲ್ಲಿಸಿದರು. ಏಳನೆಯ ತರಗತಿಯಲ್ಲಿ ಗಾಳಿಯ ಹಾಗೆ ಓಡುತ್ತಿದ್ದವಳೊಬ್ಬಳು ಒಂಬತ್ತಕ್ಕೆ ಬರುವಷ್ಟರಲ್ಲಿ ಮನೆಗೆಲಸಕ್ಕೆ ಹೊಂದಿಕೊಂಡಿದ್ದಳು. ತಂಡವನ್ನು ಮತ್ತೆ ಕಟ್ಟಿದೆವು, ಅವಳು ಬರಲಿಲ್ಲ. "ಈಗ ಓಡೋಕೆ ನಾಚಿಕೆ, ಮಿಸ್" ಅಂದಳು.

ಟ್ರಿನಿಡಾಡಿನ ಆ ಮೂರು ವರ್ಷಗಳಲ್ಲಿ ಹೀಗೆ ಎಷ್ಟು ಹುಡುಗರು ಬೂಟು ಬಿಚ್ಚಿಟ್ಟು ಬೇರೆ ದಾರಿ ಹಿಡಿದರೋ! ಯಾರ್ಕ್ ಕಣ್ಣಿಗೆ ಬಿದ್ದದ್ದು ಅಂದು ಆಟ ನಡೆಯುತ್ತಿದ್ದುದರಿಂದ. ಆಡಲು ಪಂದ್ಯವೇ ಇಲ್ಲದಿದ್ದರೆ ಯಾರು ಯಾರನ್ನು ಗುರುತಿಸಬೇಕು?

ಹಬ್ಬಕ್ಕೆ ಹೋಳಿಗೆ ಮಾಡಿದವರನ್ನು ಊರೆಲ್ಲ ಹೊಗಳುತ್ತದೆ. ದಿನಾ ಬೆಳಿಗ್ಗೆ ಒಲೆ ಹಚ್ಚುವವರನ್ನು ಯಾರೂ ಕೇಳುವುದಿಲ್ಲ, ಅದು ನಮಗೆ ಗೊತ್ತಿಲ್ಲದ್ದೇನಲ್ಲ. ಖಾಲಿ ಗ್ಯಾಲರಿಯ ಎದುರಿನಲ್ಲೂ ವಾರದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುವವರು ಆ ದ್ವೀಪದಲ್ಲಿ ಇರುವವರೆಗೆ, ಇನ್ನೊಬ್ಬ ಹುಡುಗ ಬೂಟಿನ ದಾರ ಬಿಗಿಯುತ್ತಾ ಇರುತ್ತಾನೆ.