ಡಾಲ್‌ಹೌಸಿಯಲ್ಲೊಂದು ಹಳೆಯ ಜಿಪ್ಸಿ

ಕೋಲ್ಕತ್ತಾದಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಿಗೆ ಬಿಬಿಡಿ ಬಾಗ್ ಎಂದರೆ ಅಪ್ಪನ ಆಫೀಸು, ಅಷ್ಟೆ. ಬ್ಯಾಂಕು, ಇನ್ಶೂರೆನ್ಸು, ಜಿಪಿಒ, ಸಂಜೆ ಐದೂವರೆಗೆ ಮಿನಿ ಬಸ್ಸಿನಲ್ಲಿ ನೂಕುನುಗ್ಗಲು. "ಅಲ್ಲಿ ನೋಡೋದಕ್ಕೆ ಏನಿದೆ ಆಂಟಿ?" ಎಂದು ನಿಮ್ಮಲ್ಲೇ ಒಬ್ಬಳು ನನ್ನನ್ನು ಕೇಳಿದ್ದಾಳೆ. ನೋಡುವುದಕ್ಕೆ ಬೇಕಾದಷ್ಟಿದೆ. ಆದರೆ ಇವತ್ತು ನಾನು ತೋರಿಸಲು ಹೊರಟಿರುವುದು ಗೋಪುರ, ಗುಮ್ಮಟಗಳನ್ನಲ್ಲ. ಮೋಟಾರು ಗಾಡಿಗಳ ಲೆಕ್ಕದಲ್ಲಿ ಬಿಬಿಡಿ ಬಾಗನ್ನು ಒಂದು ಸುತ್ತು ಹಾಕೋಣ. ಅಡುಗೆಮನೆಯ ಹೆಂಗಸಿಗೆ ಇದೇಕೆ ಬೇಕಾಯಿತು ಎಂದು ಕೇಳಬೇಡಿ. ಮನೆಯಲ್ಲಿ ಹದಿನೆಂಟು ವರ್ಷ ದಾಟಿದ ಜಿಪ್ಸಿ ಇದ್ದರೆ ಎಲ್ಲರಿಗೂ ಎಲ್ಲವೂ ಬೇಕಾಗುತ್ತದೆ.

ಹೆಸರಿನಿಂದಲೇ ಶುರು ಮಾಡುತ್ತೇನೆ. ಬಿನಯ್, ಬಾದಲ್, ದಿನೇಶ್. 1930ರ ಡಿಸೆಂಬರ್ 8ರಂದು ಈ ಮೂವರು ಹುಡುಗರು ಸೂಟು ಬೂಟು ಹಾಕಿಕೊಂಡು ರೈಟರ್ಸ್ ಬಿಲ್ಡಿಂಗ್ ಹೊಕ್ಕು, ಜೈಲುಗಳ ಇನ್ಸ್‌ಪೆಕ್ಟರ್ ಜನರಲ್ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದರು. ಬಿನಯನಿಗೆ ಇಪ್ಪತ್ತೆರಡು, ದಿನೇಶನಿಗೆ ಹತ್ತೊಂಬತ್ತು, ಬಾದಲನಿಗೆ ಬರೀ ಹದಿನೆಂಟು. ಮೂವರೂ ಉಳಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಡಾಲ್‌ಹೌಸಿ ಸ್ಕ್ವೇರಿಗೆ ಅವರ ಹೆಸರಿಟ್ಟರು. ಆದರೂ ಟ್ಯಾಕ್ಸಿಯವರ ಬಾಯಲ್ಲಿ ಅದು ಇನ್ನೂ ಡಾಲ್‌ಹೌಸಿಯೇ, ನಮ್ಮ ಯಜಮಾನರ ಬಾಯಲ್ಲೂ!

ನಡುವೆ ಲಾಲ್ ದಿಘಿ ಕೆರೆ, ಉತ್ತರಕ್ಕೆ ಕೆಂಪು ಬಣ್ಣದ ರೈಟರ್ಸ್ ಬಿಲ್ಡಿಂಗ್, ಪಶ್ಚಿಮಕ್ಕೆ 1868ರ ಜಿಪಿಒ. ಕೆರೆಯಿಂದ ಪೂರ್ವಕ್ಕೆ ತಿರುಗಿ ನಡೆದರೆ ಆರ್.ಎನ್. ಮುಖರ್ಜಿ ರಸ್ತೆ ಸಿಗುತ್ತದೆ. ನಾನು ನಿಮ್ಮನ್ನು ನಿಲ್ಲಿಸಬೇಕೆಂದಿದ್ದು ಇಲ್ಲಿಯೇ. ಈ ರಾಜೇಂದ್ರನಾಥ ಮುಖರ್ಜಿಯವರು ಮಾರ್ಟಿನ್ ಕಂಪನಿಯ ಪಾಲುದಾರರು. ವಿಕ್ಟೋರಿಯಾ ಮೆಮೋರಿಯಲ್ ಕಟ್ಟಿದ್ದು ಅದೇ ಕಂಪನಿ. ಅದರಲ್ಲಿ ಕೆಲಸ ಮಾಡಿದ ಪಂಜಾಬಿ ತರುಣ ಕೈಲಾಸಚಂದ್ರ ಮಹೀಂದ್ರಾ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರದ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಅವರಿಗೆ ಪರಿಚಯವಾದದ್ದು ವಿಲ್ಲಿಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್, ಅಂದರೆ ಜೀಪಿನ ಹಿಂದಿದ್ದ ತಲೆ. 1945ರಲ್ಲಿ ಅಣ್ಣ ತಮ್ಮಂದಿರು ಸೇರಿ ಕಂಪನಿ ಕಟ್ಟಿದರು. 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಜೋಡಣೆ ಶುರುವಾಯಿತು. ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಮೂಟೆ, ಕೂಲಿಯಾಳು, ಬಾಣಂತಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತ ಆ ತೋಟದ ಜೀಪಿನ ವಂಶಾವಳಿಯ ಒಂದು ಎಳೆ ಈ ಬೀದಿಯಲ್ಲಿದೆ ಎಂದರೆ ನನಗಂತೂ ಇಲ್ಲಿ ನಡೆಯುವಾಗ ತವರಿನವರು ಸಿಕ್ಕಷ್ಟು ಖುಷಿ.

ಅದೇ ರಸ್ತೆಯ ಬಿರ್ಲಾ ಬಿಲ್ಡಿಂಗಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನ ನೋಂದಾಯಿತ ಕಚೇರಿ ಇತ್ತು. ಉತ್ತರಪಾಡಾದ ಅವರ ಕಾರ್ಖಾನೆಯಿಂದ ಹೊರಬಂದ ಅಂಬಾಸಿಡರನ್ನು ನಾನು ಪರಿಚಯಿಸಬೇಕಾಗಿಲ್ಲ. 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಅದೇ ಅಂಬಾಸಿಡರಿನ ಎಂಜಿನ್ ಕೂರಿಸಿ ಅವರು ಮಾಡಿದ ಇನ್ನೊಂದು ಗಾಡಿ ಇತ್ತು, ಟ್ರೆಕರ್. ಹಳ್ಳಿಯ ರಸ್ತೆಗೆಂದೇ ಮಾಡಿದ್ದು. ನೋಡಲು ತಗಡಿನ ಡಬ್ಬ. ಗಾಡಿ ಮರೆಯಾಯಿತು, ಹೆಸರು ಮಾತ್ರ ಉಳಿಯಿತು. ಬಂಗಾಳದ ಹಳ್ಳಿಗಳಲ್ಲಿ ಇಂದಿಗೂ ಸೀಟಿನ ಲೆಕ್ಕದಲ್ಲಿ ಜನ ತುಂಬುವ ಜೀಪಿಗೆ, ಅದು ಯಾವ ಕಂಪನಿಯದೇ ಇರಲಿ, 'ಟ್ರೆಕರ್' ಎನ್ನುತ್ತಾರೆ. ಈಗ ಎಸ್‌ಯುವಿ ಎಂದು ನೀವು ಹೇಳುವುದರ ಅಜ್ಜ ಅದು.

ಇಲ್ಲಿಂದ ಇನ್ನೂ ಪೂರ್ವಕ್ಕೆ ಹೋದರೆ ಗಣೇಶಚಂದ್ರ ಅವೆನ್ಯೂ, ಪ್ರಿನ್ಸೆಪ್ ಸ್ಟ್ರೀಟ್. ಸಾಲು ಸಾಲು ಮೋಟಾರ್ ಪಾರ್ಟ್ಸ್ ಅಂಗಡಿಗಳು. ಬೇರಿಂಗು, ಕ್ಲಚ್ ಪ್ಲೇಟು, ರಬ್ಬರ್ ಬುಷ್ಷು, ಎಣ್ಣೆ ಹತ್ತಿದ ಕಾಗದದ ವಾಸನೆ. ಹೊಸದು ಸಿಗದಿದ್ದರೆ ಮಲ್ಲಿಕ್ ಬಜಾರಿಗೆ ಹೋಗಬೇಕು, ಅದು ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಜಾಗ. ನಮ್ಮ ಮಗನ ಆಫೀಸು ಬಿಬಿಡಿ ಬಾಗಿನಲ್ಲೇ ಇರುವುದರಿಂದ ಊಟದ ಬಿಡುವಿನಲ್ಲಿ ಅವನ ಓಡಾಟ ಪ್ರಿನ್ಸೆಪ್ ಸ್ಟ್ರೀಟಿಗೆ. ಟಿಫಿನ್ ಡಬ್ಬದ ಜೊತೆ ಆಯಿಲ್ ಸೀಲೂ ಮನೆಗೆ ಬರುತ್ತದೆ. ಚಪಾತಿಗೆ ಗ್ರೀಸಿನ ವಾಸನೆ ಬಂದದ್ದೂ ಉಂಟು!

ನಮ್ಮದು 2007ರ ಜಿಪ್ಸಿ ಕಿಂಗ್. ಈ ಗಾಡಿಯ ಮೊದಲ ಮಾದರಿ 1985ರಲ್ಲಿ ಬಂತು. 2019ರ ಹೊತ್ತಿಗೆ ತಯಾರಿಕೆ ನಿಂತಿತು. 1298 ಸಿಸಿ ಪೆಟ್ರೋಲ್ ಎಂಜಿನ್, ಏಣಿಯಂಥ ಚಾಸಿಸ್, ನಾಲ್ಕೂ ಚಕ್ರಕ್ಕೆ ಎತ್ತಿನ ಗಾಡಿಯ ನೆನಪು ತರುವ ಪ್ಲೇಟ್ ಸ್ಪ್ರಿಂಗು. ಗೇರಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಲಿವರ್. ಅದನ್ನು ಎಳೆದರೆ ಮುಂದಿನ ಚಕ್ರಕ್ಕೂ ಬಲ ಸಿಗುತ್ತದೆ, ಇನ್ನೂ ಎಳೆದರೆ 'ಲೋ'. ಆಗ ಗಾಡಿ ಆಮೆಯ ಹಾಗೆ ನಡೆಯುತ್ತದೆ, ಆನೆಯ ಹಾಗೆ ಎಳೆಯುತ್ತದೆ. ಇದನ್ನು ಒಣ ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ, ಹಿಂದಿನದು ಕಡಿಮೆ ದೂರ ಹೋಗಬೇಕು. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದರೆ ನಡುವಿನ ಹಲ್ಲುಗಳು ಒದ್ದಾಡುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿಕೊಂಡು ಆ ಬಿಗಿ ಸಡಿಲವಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಮಗನಲ್ಲ, ನಮ್ಮೂರಿನ ತೋಟದ ಜೀಪಿನ ಡ್ರೈವರು, ನಾನು ಲಂಗ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ.

ಗಾಡಿ ಕೊಂಡ ವಾರವೇ ಮಗನ ಪಟ್ಟಿ ತಯಾರಾಯಿತು. ದೊಡ್ಡ ಟೈರು, ಮೂರಿಂಚು ಎತ್ತರ, ಮುಂದೆ ಕಬ್ಬಿಣದ ಗಾರ್ಡು, ಛಾವಣಿಯ ಮೇಲೆ ದೀಪ, ಸ್ನಾರ್ಕೆಲ್ ಎಂಬ ಆನೆ ಸೊಂಡಿಲು. ನಮ್ಮ ಮನೆಯಲ್ಲಿ ಎಂಬತ್ತೊಂದು ವರ್ಷದ ಅತ್ತೆ ಇದ್ದಾರೆ. ಅವರನ್ನು ಡಾಕ್ಟರ ಬಳಿ ಕರೆದೊಯ್ಯುವುದೂ ಇದೇ ಗಾಡಿಯಲ್ಲಿ. "ಇನ್ನೂ ಮೂರಿಂಚು ಏರಿಸಿದರೆ ಅಜ್ಜಿಯನ್ನು ಏಣಿ ಹಾಕಿ ಹತ್ತಿಸ್ತೀಯೇನೋ?" ಎಂದರು ಯಜಮಾನರು. ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷವಾಯಿತು.

ತೀರ್ಪು ಕೊಟ್ಟವರು ಮೇಸ್ತ್ರಿ. ಅವರು ಬಿಹಾರದವರು, ವಯಸ್ಸು ಅರವತ್ತರ ಮೇಲೆ. ಗಾಡಿಯ ಕೆಳಗೆ ಅರ್ಧ ಗಂಟೆ ಮಲಗಿದ್ದು ಎದ್ದು ಬಂದು, ಮಗನ ಪಟ್ಟಿಯನ್ನು ಮಡಿಸಿ ಅವನ ಜೇಬಿಗೇ ಇಟ್ಟರು. ನೆಲದ ತಗಡಿಗೆ ತುಕ್ಕು, ಮುಂದಿನ ಚಕ್ರದ ನಕಲ್ ಸೀಲಿನಿಂದ ಗ್ರೀಸು ಸೋರಿಕೆ, ಸ್ಪ್ರಿಂಗಿನ ಬುಷ್ಷು ಸವೆದಿದೆ, ಬ್ರೇಕಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆ. "ಮೊದಲು ಇದು ಕಂಪನಿಯಿಂದ ಬಂದ ಹಾಗೆ ಆಗಲಿ. ಆಮೇಲೆ ನಿನಗೆ ಏನು ಬೇಕೋ ನೋಡೋಣ" ಎಂದರು. ಅದಕ್ಕೇ ಎಂಟು ತಿಂಗಳು, ಒಂದೊಂದೇ ಸಂಬಳದಲ್ಲಿ ಒಂದೊಂದೇ ಕೆಲಸ. ಟೈಮಿಂಗ್ ಬೆಲ್ಟನ್ನು ಹಿಂದಿನವರು ಯಾವಾಗ ಬದಲಾಯಿಸಿದ್ದರೋ ಗೊತ್ತಿರಲಿಲ್ಲವಾಗಿ ಅದನ್ನು ಕೇಳದೆಯೇ ಬದಲಾಯಿಸಿದರು. ತುಕ್ಕು ಕೆರೆದು, ಹೊಸ ತಗಡು ಬೆಸೆದು, ಕೆಳಗೆ ರಬ್ಬರ್ ಬಣ್ಣ ಬಳಿದರು. ಗಂಗೆಯ ಮಗ್ಗುಲಿನ ಈ ಊರಿನ ಹವೆಯಲ್ಲಿ ಹಪ್ಪಳವೇ ಒಂದು ರಾತ್ರಿಗೆ ಮೆತ್ತಗಾಗುತ್ತದೆ, ಕಬ್ಬಿಣದ ಗತಿ ಏನು!

ಟೈರಿನ ಲೆಕ್ಕ ಮಾತ್ರ ನಿಮಗೆ ಹೇಳಲೇಬೇಕು, ಏಕೆಂದರೆ ಹುಡುಗರು ಎಡವುವುದು ಅಲ್ಲಿಯೇ. ಕಂಪನಿ ಕೊಟ್ಟ ಅಳತೆ 205/70 ಆರ್ 15. ಅದರ ಎತ್ತರ ಸುಮಾರು 668 ಮಿಲಿಮೀಟರ್. ಮಗ ಕೇಳಿದ್ದು 235/75 ಆರ್ 15, ಸುಮಾರು 733. ವ್ಯತ್ಯಾಸ 65 ಇದ್ದರೂ ನೆಲದಿಂದ ಗಾಡಿ ಏರುವುದು ಅದರ ಅರ್ಧ, ಒಂದೂಕಾಲು ಇಂಚು. ಅದಕ್ಕೆ ತೆರಬೇಕಾದ ಬೆಲೆ ನೋಡಿ. ಸ್ಪೀಡೋಮೀಟರು 60 ತೋರಿಸುವಾಗ ಗಾಡಿ ನಿಜವಾಗಿ ಓಡುವುದು 66ರಲ್ಲಿ. ಎಂಜಿನ್ನಿಗೆ ಭಾರ, ಕ್ಲಚ್ಚಿಗೆ ಭಾರ, ಬ್ರೇಕಿಗೂ ಭಾರ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ಬಿಬಿಡಿ ಬಾಗಿನ ಪಾರ್ಕಿಂಗಿನಲ್ಲಿ ತಿರುಗಿಸುವುದಕ್ಕೆ ಎರಡು ದೋಸೆ ಹೆಚ್ಚು ತಿನ್ನಬೇಕು. ಹಳ್ಳ ಹಳ್ಳವಾಗಿ ಹಲ್ಲಿರುವ ಕೆಸರಿನ ಟೈರಾದರೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಮಳೆಗಾಲದಲ್ಲಿ ಟ್ರಾಮ್ ಹಳಿ ಇರುವ ಕಡೆ ಬ್ರೇಕ್ ಹಾಕಿದರೆ ಸೋಪಿನ ಮೇಲೆ ಕಾಲಿಟ್ಟಂತೆ. ಕಡೆಗೆ ಕಂಪನಿಯ ಅಳತೆಯಲ್ಲೇ, ಸ್ವಲ್ಪ ಒರಟು ಹಲ್ಲಿನ ಟೈರು ಹಾಕಿಸಿದ. ಸ್ಪ್ರಿಂಗಿನ ಎತ್ತರ ಹಾಗೆಯೇ ಇದೆ. ಅಜ್ಜಿಗೆ ಹತ್ತಲು ಪಕ್ಕದಲ್ಲಿ ಒಂದು ಮೆಟ್ಟಿಲು ಬಂತು.

ಕಬ್ಬಿಣದ ಗಾರ್ಡಿನ ಮಾತನ್ನು ಕಾನೂನೇ ಮುಗಿಸಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ರಸ್ತೆ ದಾಟುವ ಮನುಷ್ಯನ ಎದೆಗೆ ಬಡಿಯುವುದು ಆ ಕಬ್ಬಿಣವೇ ಅಲ್ಲವೇ? ಲಾಲ್‌ಬಜಾರಿನ ಪೊಲೀಸ್ ಹೆಡ್ ಕ್ವಾರ್ಟರ್ಸ್ ಎದುರಿನಿಂದಲೇ ದಿನಾ ಆಫೀಸಿಗೆ ಹೋಗುವವನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ.

ಆದರೂ ಅವನ ಮನಸ್ಸು ಪೂರ್ತಿ ತಿರುಗಿದ್ದು ಸಂದಕ್‌ಫುವಿನಲ್ಲಿ. 2024ರ ನವೆಂಬರಿನಲ್ಲಿ ಹೋಗಿದ್ದೆವು. ನಾನೂ ಯಜಮಾನರೂ ರೈಲಿನಲ್ಲಿ, ಮಗ ಗೆಳೆಯನ ಜೊತೆ ಜಿಪ್ಸಿಯಲ್ಲಿ. ಜಿಪ್ಸಿಯನ್ನು ಮಾನೆಭಂಜಂಗ್‌ನಲ್ಲಿ ಬಿಟ್ಟು, ಅಲ್ಲಿನ ಹಳೆಯ ಲ್ಯಾಂಡ್ ರೋವರ್ ಒಂದನ್ನು ಬಾಡಿಗೆಗೆ ಹಿಡಿದೆವು. ಚಹಾ ತೋಟದ ಬ್ರಿಟಿಷರು ತಂದು ಬಿಟ್ಟುಹೋದ, 1950ರ ದಶಕದ ಗಾಡಿಗಳನ್ನು ಆ ಊರಿನವರು ಇಷ್ಟು ಕಾಲ ಓಡಿಸಿಕೊಂಡು ಬಂದಿದ್ದಾರೆ. ಸುಮಾರು 31 ಕಿಲೋಮೀಟರಿನಲ್ಲಿ 3,636 ಮೀಟರಿಗೆ ಏರಬೇಕು. ಕೆಲವಕ್ಕೆ ಮೂಲ ಎಂಜಿನ್ ಹೋಗಿ ಮಹೀಂದ್ರಾದ ಡೀಸೆಲ್ ಎಂಜಿನ್ ಬಂದಿದೆ. ಮಗ ಕೆಳಗೆ ಬಗ್ಗಿ ಬಗ್ಗಿ ನೋಡಿದ. ದೊಡ್ಡ ಟೈರಿಲ್ಲ, ಸೊಂಡಿಲಿಲ್ಲ. ಸಪೂರ ಟೈರು, ಲೋ ಗೇರು, ಒಂದು ಹಗ್ಗ, ಚಕ್ರಕ್ಕೆ ಅಡ್ಡ ಇಡಲು ಒಂದು ಮರದ ತುಂಡು, ಸೀಟಿನ ಕೆಳಗೆ ಚೀಲದ ತುಂಬ ಸ್ಪ್ಯಾನರು. ಡ್ರೈವರಿಗೆ ಕಡಿದಾದ ತಿರುವುಗಳೆಲ್ಲ ಬಾಯಿಪಾಠ. ನನ್ನ ಸೊಂಟದ ಕಥೆ ಬೇಡ. ಹಿಂದಿರುಗಿ ಬರುವಾಗ ಮಗ ಮಾತಾಡಿದ್ದೆಲ್ಲ ಆ ಸ್ಪ್ಯಾನರಿನ ಚೀಲದ ಬಗ್ಗೆ.

ಇನ್ನು ನೀರಿನ ವಿಷಯ. ಕೋಲ್ಕತ್ತಾದವರಿಗೆ ಆಫ್‌ರೋಡ್ ಅಂದರೆ ಬೆಟ್ಟವಲ್ಲ, ಆಷಾಢ ಶ್ರಾವಣದ ನೀರು. 2025ರ ಸೆಪ್ಟೆಂಬರ್ 22ರ ರಾತ್ರಿ ನಿಮಗೆಲ್ಲ ನೆನಪಿರಬೇಕು; ನಮ್ಮ ಮನೆಯಲ್ಲಿ ಅಂದೇ ದಸರಾ ಗೊಂಬೆ ಕೂರಿಸಿದ್ದೆವು. ಆಲಿಪುರದಲ್ಲಿ ಇಪ್ಪತ್ತನಾಲ್ಕು ಗಂಟೆಗೆ 250 ಮಿಲಿಮೀಟರಿಗೂ ಮೀರಿ ಮಳೆ ದಾಖಲಾಯಿತು. ಬೆಳಗಾದರೆ ಓಣಿಯಲ್ಲಿ ತೊಡೆಮಟ್ಟ ನೀರು. ಆಫೀಸಿನ ಸರ್ವರ್ ಕೋಣೆಗೆ ನೀರು ನುಗ್ಗುತ್ತಿದೆಯೆಂದು ಮಗನಿಗೆ ಫೋನು. "ಗಾಡಿ ಹೋಗುತ್ತಮ್ಮ, ಇದಕ್ಕೇ ತಾನೇ ಇದನ್ನ ಇಟ್ಟಿರೋದು" ಎಂದು ಬೀಗದ ಕೈ ತೆಗೆದುಕೊಂಡ. ನಾನು ಬಾಗಿಲಿಗೆ ಅಡ್ಡ ನಿಂತೆ. "ಗಾಡಿ ಹೋಗುತ್ತೆ ಕಣೋ, ನನಗೂ ಗೊತ್ತು. ಅದು ನಿಂತರೆ ನೀನು ಇಳಿಯೋದು ಎಲ್ಲಿಗೆ?" ಎಂದೆ. ಅವನಿಗೆ ಸಿಟ್ಟು ಬಂತು, ಊಟ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬರತೊಡಗಿತು: ನಿಂತ ನೀರಿನಲ್ಲಿ ಕರೆಂಟ್ ಹರಿದು ನಗರದಲ್ಲಿ ಹಲವರು ಸತ್ತಿದ್ದರು. ಯಾರೂ ಏನೂ ಮಾತಾಡಲಿಲ್ಲ. ಸಂಜೆ ಅವನೇ ಬಂದು ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತ.

ಗಾಡಿ ಎರಡು ದಿನ ನೀರಿನಲ್ಲೇ ನಿಂತಿತ್ತು. ಎಂಜಿನ್ನಿಗೆ ನೀರು ಹೋಗಿರಲಿಲ್ಲ. ಆದರೆ ಹಿಂದಿನ ಹೌಸಿಂಗಿನ ಬೋಲ್ಟು ಬಿಚ್ಚಿದಾಗ ಎಣ್ಣೆಯ ಬದಲು ಹಾಲು ಬೆರೆಸಿದ ಕಾಫಿಯಂಥದು ಸುರಿಯಿತು. ಉಸಿರಾಡಲೆಂದು ಇಟ್ಟಿರುವ ಸಣ್ಣ ಬ್ರೀದರಿನಿಂದ ನೀರು ಒಳಗೆ ಇಳಿದಿತ್ತು. ಹಾಗೆಯೇ ಓಡಿಸಿದ್ದರೆ ಬೇರಿಂಗು, ಹಲ್ಲು ಎಲ್ಲ ಹೋಗುತ್ತಿದ್ದವು. ಮುಂದೆ, ಹಿಂದೆ, ನಡುವೆ ಮೂರೂ ಕಡೆ ಎಣ್ಣೆ ಬದಲಾಯಿಸಿ, ಬ್ರೀದರಿಗೆ ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದರು ಮೇಸ್ತ್ರಿ. ಪ್ರಿನ್ಸೆಪ್ ಸ್ಟ್ರೀಟಿನಲ್ಲಿ ತಂದ ಆ ಕೊಳವೆಗೆ ಆದ ಖರ್ಚು ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ. ಇಷ್ಟು ವರ್ಷಗಳಲ್ಲಿ ಆ ಗಾಡಿಗೆ ಮಾಡಿಸಿದ ಮಾರ್ಪಾಡುಗಳಲ್ಲಿ ನನ್ನ ಮೆಚ್ಚಿನದು ಅದೇ.

ಹದಿನೈದು ವರ್ಷ ತುಂಬಿದಾಗ 2022ರಲ್ಲಿ ರಿಜಿಸ್ಟ್ರೇಷನ್ ಐದು ವರ್ಷಕ್ಕೆ ನವೀಕರಣವಾಗಿದೆ. ಆ ವರ್ಷದ ಏಪ್ರಿಲ್‌ನಿಂದ ಕಾರಿಗೆ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಮತ್ತೆ 2027ರಲ್ಲಿ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು. ಅಷ್ಟರೊಳಗೆ ಹಿಂದಿನ ಬ್ರೇಕ್ ಶೂ, ಸೈಲೆನ್ಸರು, ಎಡಗಡೆಯ ಬಾಗಿಲಿನ ತುಕ್ಕು ಬಾಕಿ ಇದೆ. ಮುಂದಿನ ಭಾನುವಾರ ಮುಂದಿನ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬುವ ಕೆಲಸ. ಮೇಸ್ತ್ರಿಯವರು ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ಕಲಿಯಬೇಕೆನ್ನುವವರು, ಹುಡುಗಿಯರೂ ಸಹ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಉಪ್ಪಿಟ್ಟು, ಕಾಫಿ ನಮ್ಮ ಮನೆಯದು.