ಮಗ್ಗದ ಮನೆಯಿಂದ ಕಡಲಿಗೆ

ನೌಕಾಪಡೆಯಲ್ಲಿದ್ದವನೆಂದು ತಿಳಿದೊಡನೆ ಜನರು ಕೇಳುವ ಮೊದಲ ಪ್ರಶ್ನೆ, ‘ಯಾಕೆ ಸೇರಿದಿರಿ?’ ಎಂಬುದು. ದೇಶಸೇವೆಗಾಗಿ ಎಂಬ ಉತ್ತರವನ್ನು ಕೇಳುವವರೇ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿರುತ್ತಾರೆ. ನಾನೂ ಹಲವು ವರ್ಷ ಅದನ್ನೇ ಹೇಳುತ್ತಾ ಬಂದೆ. ನಿಮ್ಮ ವಿಭಾಗದ ಅಧ್ಯಾಪಕರು ಈ ವಾರ್ತಾಪತ್ರಕ್ಕೆ ಒಂದು ಲೇಖನ ಬೇಕೆಂದಾಗ, ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡು ಓದುತ್ತಿರುವವರ ಮುಂದೆಯಾದರೂ ನಿಜವನ್ನು ಹೇಳಬೇಕೆನಿಸಿತು. ನಾನು ಸೇರಿದ್ದು ಸಂಬಳಕ್ಕಾಗಿ. ದೇಶ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಸೇರಿದ ಬಹುಕಾಲದ ಮೇಲೆ. ಭಾಷೆ ಎಂಬ ಮಾತಿನ ಅರ್ಥ ತಿಳಿಯುವ ಹೊತ್ತಿಗಂತೂ ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕಾಗಿತ್ತೋ ಅವರು ಇರಲಿಲ್ಲ.

ನಮ್ಮ ಊರು ಸಿರುಮುಗೈ. ಕೊಯಮತ್ತೂರು ಜಿಲ್ಲೆಯಲ್ಲಿ, ಮೆಟ್ಟುಪಾಳ್ಯಂ ಸಮೀಪ, ನೀಲಗಿರಿಯ ತಪ್ಪಲಿನಲ್ಲಿ ಭವಾನಿ ನದಿಯ ದಂಡೆಯ ಮೇಲಿದೆ. ರೇಷ್ಮೆ ಸೀರೆಗೆ ಹೆಸರಾದ ಊರು. ನೇಯುವವರಲ್ಲಿ ದೇವಾಂಗರು ಅನೇಕರು. ಬೀದಿಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ತಮಿಳು. ಹೊಸ್ತಿಲು ದಾಟಿ ಮಗ್ಗದ ಮುಂದೆ ಕುಳಿತರೆ ಕನ್ನಡ. ಆ ಕನ್ನಡ ನಿಮ್ಮ ಪಠ್ಯಪುಸ್ತಕದ ಕನ್ನಡವಲ್ಲ. ಅರ್ಧಕ್ಕರ್ಧ ತಮಿಳು ಬೆರೆತದ್ದು, ಬರೆಹವನ್ನೇ ಕಾಣದ್ದು. ನಮ್ಮ ಮನೆಯಲ್ಲಿ ಯಾರಿಗೂ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಈ ಲೇಖನದಲ್ಲಿ ಅಪ್ಪನ ಮಾತುಗಳನ್ನು ಪುಸ್ತಕದ ಭಾಷೆಯಲ್ಲಿ ಬರೆದಿದ್ದೇನೆ. ಅವರು ಆಡಿದ ಹಾಗೆಯೇ ಬರೆಯುವ ಕ್ರಮ ನನಗೆ ಇಂದಿಗೂ ತಿಳಿಯದು.

ಮನೆಯಲ್ಲಿ ಎರಡು ಗುಂಡಿಮಗ್ಗಗಳು, ನಾವು ಮೂವರು ಗಂಡುಮಕ್ಕಳು. ಲೆಕ್ಕ ಅಲ್ಲಿಯೇ ತಪ್ಪುತ್ತಿತ್ತು. ಒಂದು ಸೀರೆಗೆ ದಿನಗಟ್ಟಲೆ ಅಪ್ಪ ಕಾಲು ತುಳಿಯಬೇಕು, ಅವ್ವ ನೂಲು ಸುತ್ತಬೇಕು. ನೂಲು ಕೊಟ್ಟ ಸಾಹುಕಾರನಿಗೆ ಮುಂಗಡದ ಬಾಕಿ ಕಳೆದ ಮೇಲೆ ಕೈಗೆ ಬರುವುದು ಸ್ವಲ್ಪ. ಹತ್ತನೆಯ ತರಗತಿ ಮುಗಿದ ಮೇಲೆ, 1991ರಲ್ಲಿ, ಕೊಯಮತ್ತೂರಿನಲ್ಲಿ ನೌಕಾಪಡೆಗೆ ಆಳುಗಳನ್ನು ಆರಿಸುತ್ತಾರೆಂದು ಗೆಳೆಯನೊಬ್ಬ ಹೇಳಿದ. ಭವಾನಿಯಲ್ಲಿ ಈಜಿ ಬೆಳೆದ ನಮಗೆ ನೀರಿನ ಭಯವಿರಲಿಲ್ಲ. ಓಡಿದೆವು, ಪರೀಕ್ಷೆ ಬರೆದೆವು, ಎದೆ ಅಳೆಸಿಕೊಂಡೆವು. ಗೆಳೆಯ ಉಳಿದ, ನಾನು ಆಯ್ಕೆಯಾದೆ.

ಅಪ್ಪ ಸಮುದ್ರವನ್ನು ಕಂಡವರಲ್ಲ. ಅವರು ಕಂಡ ದೊಡ್ಡ ನೀರೆಂದರೆ ಭವಾನಿಸಾಗರದ ಅಣೆಕಟ್ಟಿನ ಹಿನ್ನೀರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಲಾಳಿಯನ್ನು ಕೆಳಗಿಟ್ಟು ಕೇಳಿದರು: ‘ಅದರ ನಡುವೆ ಹೋಗಿ ನಿಂತರೆ ದಡ ಕಾಣುತ್ತದೆಯೇನೋ?’

‘ಕಾಣುವುದಿಲ್ಲವಂತೆ, ಅಪ್ಪ.’

‘ಹಾಗಾದರೆ ತಿರುಗಿ ಹೇಗೆ ಬರುತ್ತೀ?’

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮತ್ತೆ ಲಾಳಿಯನ್ನು ಎತ್ತಿಕೊಂಡರು.

ಹೊಸಬರ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. 1980ರಲ್ಲಿ ಆರಂಭವಾದ ಈ ಕೇಂದ್ರ ಚಿಲ್ಕಾ ಸರೋವರದ ತೀರದಲ್ಲಿದೆ. ನೆಲದ ಮೇಲಿದ್ದರೂ ಅದು ಹಡಗೇ. ನೌಕಾಪಡೆಯಲ್ಲಿ ದಡದ ಕೇಂದ್ರಗಳಿಗೂ ಹಡಗಿನ ಹೆಸರನ್ನೇ ಇಡುತ್ತಾರೆ. ಸಮುದ್ರದ ಗಾಳಿಯೂ ತಾಕದ ನಮ್ಮ ಕೊಯಮತ್ತೂರಿನಲ್ಲಿ ಐಎನ್‌ಎಸ್ ಅಗ್ರಣಿ ಇರುವುದು ಹಾಗೆಯೇ. ಚಿಲ್ಕಾದಲ್ಲಿ ಮೊದಲ ವಾರ ಒಂದು ಅರ್ಜಿಯನ್ನು ತುಂಬಿಸಿದರು. ‘ಮಾತೃಭಾಷೆ’ ಎಂಬ ಅಂಕಣದ ಮುಂದೆ ನನ್ನ ಲೇಖನಿ ತಡೆಯಿತು. ಬರೆಯಲು ಬಾರದ ಭಾಷೆಯನ್ನು ನನ್ನದೆನ್ನುವುದು ಹೇಗೆ ಎಂದುಕೊಂಡು ‘ತಮಿಳು’ ಎಂದು ಬರೆದೆ. ಹದಿನೇಳರ ಹುಡುಗನಿಗೆ ಅದು ಸಣ್ಣ ವಿಷಯ. ನನ್ನ ದಾಖಲೆಗಳಲ್ಲಿ ಕೊನೆಯವರೆಗೂ ಹಾಗೆಯೇ ಉಳಿಯಿತು.

ಅಲ್ಲಿಯೇ ಹಗ್ಗಗಳ ಪಾಠವೂ ನಡೆಯಿತು. ನಾವಿಕನಿಗೆ ಗಂಟು ಅಕ್ಷರಾಭ್ಯಾಸದಂತೆ. ಬೇರೆ ಬೇರೆ ದಪ್ಪದ ಎರಡು ಹಗ್ಗಗಳನ್ನು ಜೋಡಿಸುವ ‘ಶೀಟ್ ಬೆಂಡ್’ ಎಂಬ ಗಂಟನ್ನು ಒಂದು ದಿನ ಶಿಕ್ಷಕರು ಹಾಕಿ ತೋರಿಸಿದರು. ಉಳಿದವರು ತಿಣುಕುತ್ತಿದ್ದಾಗ ನನ್ನ ಬೆರಳುಗಳು ತಾವಾಗಿಯೇ ಅದನ್ನು ಮುಗಿಸಿದ್ದವು. ‘ಎಲ್ಲಿ ಕಲಿತೆ?’ ಎಂದರು. ಮಗ್ಗದಲ್ಲಿ ಎಳೆ ಕಡಿದಾಗ ಹೊಸ ಎಳೆಯನ್ನು ಸೇರಿಸಲು ಅಪ್ಪ ಹಾಕುತ್ತಿದ್ದ ಗಂಟು ಅದೇ ಆಗಿತ್ತು. ಹಾಕುವ ಕ್ರಮ ಬೇರೆ, ಕಟ್ಟು ಒಂದೇ. ಪುಟ್ಟದು, ಜಾರದು, ಎಳೆದಷ್ಟೂ ಬಿಗಿಯುವುದು. ಇಂಗ್ಲಿಷಿನಲ್ಲಿ ಅದಕ್ಕೆ ನೇಕಾರರ ಗಂಟು ಎಂಬ ಹೆಸರೂ ಇದೆಯೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಅದನ್ನು ಏನೆನ್ನುತ್ತಿದ್ದರೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಹೊಳೆಯಲಿಲ್ಲ. ರಜೆಗೆ ಹೋದಾಗ ಅಪ್ಪನನ್ನು ಕೇಳಿದರಾಯಿತು ಎಂದುಕೊಂಡೆ.

ಮುಂದೆ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಯಂತ್ರಗಳ ತರಬೇತಿಯಾಯಿತು, ಆಮೇಲೆ ಹಡಗು. ಕಡಲ ಕಾವ್ಯವೆಲ್ಲ ಮೇಲಿನ ಅಟ್ಟದಲ್ಲಿ ನಿಂತವರಿಗೆ. ಇಂಜಿನ್ ಕೋಣೆಯವನಿಗೆ ಕಾಣುವುದು ಕೊಳವೆ, ಮುಳ್ಳು, ದೀಪ. ನನ್ನ ಮೊದಲ ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಹಡಗನ್ನು ಮೊರದಲ್ಲಿಟ್ಟು ಕೇರಿತು. ವಾಂತಿಯಾದವನಿಗೆ ರಜೆಯಿಲ್ಲ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಪಾಳಿ ಮುಗಿಸಬೇಕು. ದಿನವನ್ನು ನಾಲ್ಕು ನಾಲ್ಕು ಗಂಟೆಗಳ ಪಾಳಿಗಳಾಗಿ ಹಂಚಿ, ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡಿರುತ್ತಾರೆ. ಹೀಗೆ ಪಾಳಿಗಳು ಏಳಾಗುತ್ತವೆ. ಒಬ್ಬನೇ ಪ್ರತಿರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ನಿದ್ದೆಗೆಡುವುದು ತಪ್ಪುತ್ತದೆ. ಕುಡಿಯುವ ನೀರನ್ನು ಸಮುದ್ರದ ನೀರಿನಿಂದಲೇ ಮಾಡಿಕೊಳ್ಳಬೇಕು, ಆದ್ದರಿಂದ ಸ್ನಾನಕ್ಕೂ ಅಳತೆ. ಒಂದರ ಮೇಲೊಂದು ಮೂರು ಹಾಸಿಗೆ. ನಡುವಿನವನು ಮಗ್ಗುಲಾದರೆ ಮೇಲಿನವನಿಗೆ ಎಚ್ಚರ.

ಇಷ್ಟಾಗಿಯೂ ನಾನು ಒಗ್ಗಿಕೊಂಡೆ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಸದ್ದು ಹೊಸದಲ್ಲ. ಅಪ್ಪ ಅಡುಗೆಮನೆಯಲ್ಲಿ ಊಟ ಮಾಡುತ್ತಲೇ, ಅಣ್ಣ ನೇಯುತ್ತಿದ್ದ ಮಗ್ಗದ ಸದ್ದಿನಿಂದ ಎಳೆ ಕಡಿದದ್ದನ್ನು ತಿಳಿಯುತ್ತಿದ್ದರು. ನನಗೂ ಪಂಪಿನ ಸದ್ದಿನಲ್ಲಿ ಒಂದು ಎಳೆ ತಪ್ಪಿದರೆ ಎಚ್ಚರವಾಗುತ್ತಿತ್ತು.

ಮನೆಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ, ತಮಿಳಿನಲ್ಲಿ. ಪಕ್ಕದ ಮನೆಯ ಹುಡುಗಿ ಓದಿ ಹೇಳುತ್ತಿದ್ದಳು. ಅಪ್ಪನಿಗೆ ತಮಿಳು ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ಒಮ್ಮೆ ರಜೆಯಲ್ಲಿ ಹೋದಾಗ ಅವರೆಂದರು: ‘ಕಾಗದದಲ್ಲಿ ನೀನು ಬೇರೆ ಯಾರೋ ಆಗಿ ಮಾತಾಡುತ್ತೀ.’ ನಾನು ನಕ್ಕುಬಿಟ್ಟೆ. ಗಂಟಿನ ಹೆಸರನ್ನು ಕೇಳಬೇಕೆಂಬುದು ಆ ರಜೆಯಲ್ಲಿಯೂ ನೆನಪಾಗಲಿಲ್ಲ.

1998ರಲ್ಲಿ ನಮ್ಮ ಹಡಗು ಅಂಡಮಾನಿನ ಆಚೆಯಿದ್ದಾಗ ಸಂದೇಶ ಬಂತು. ದಡ ಸೇರಿ, ಅಲ್ಲಿಂದ ಚೆನ್ನೈಗೆ ಬಂದು, ಊರಿನ ಹೊಸ್ತಿಲು ತುಳಿಯುವಾಗ ಒಂಬತ್ತನೆಯ ದಿನ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಡಲಿನ ದೂರವೇ ಅಷ್ಟು. ಅಪ್ಪನ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೆಯೇ ಇತ್ತು. ಇಲಿ ಕಡಿದಿತ್ತೋ ಏನೋ, ಹಾಸಿನ ಹಲವು ಎಳೆಗಳು ತುಂಡಾಗಿದ್ದವು. ಅಣ್ಣ ಮಾತಿಲ್ಲದೆ ಅತ್ತ ಬೆರಳು ತೋರಿಸಿದ. ಇಬ್ಬರೂ ಕುಳಿತು ಸಂಜೆಯವರೆಗೆ ಗಂಟು ಹಾಕಿದೆವು. ತಿರುಗಿ ಹೇಗೆ ಬರುತ್ತೀ ಎಂದು ಕೇಳಿದ್ದ ಅಪ್ಪನಿಗೆ ನಾನು ಬಂದದ್ದು ತಿಳಿಯಲಿಲ್ಲ. ‘ಇದಕ್ಕೆ ಅಪ್ಪ ಏನೆನ್ನುತ್ತಿದ್ದರು?’ ಎಂದು ಅಣ್ಣನನ್ನು ಕೇಳಿದೆ. ಅವನಿಗೂ ನೆನಪಿರಲಿಲ್ಲ.

2003ರಲ್ಲಿ ನನ್ನನ್ನು ಐಎನ್‌ಎಸ್ ಮೈಸೂರಿಗೆ ಹಾಕಿದರು. ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿ, 1999ರ ಜೂನ್ 2ರಂದು ಸೇವೆಗೆ ಸೇರಿದ, 163 ಮೀಟರ್ ಉದ್ದದ ವಿನಾಶಕ ಹಡಗು. ಇದೇ ಹೆಸರಿನ ಹಳೆಯ ಯುದ್ಧನೌಕೆಯೊಂದು 1957ರಿಂದ 1985ರವರೆಗೆ ಸೇವೆಯಲ್ಲಿತ್ತು. ಹೊಸ ಹಡಗಿನ ಲಾಂಛನವನ್ನು ಕಂಡಾಗ ನಿಂತುಬಿಟ್ಟೆ: ಮೈಸೂರು ಸಂಸ್ಥಾನದ ಗಂಡಭೇರುಂಡ. ಎರಡು ತಲೆಯ ಅದೇ ಹಕ್ಕಿಯನ್ನು ರೇಷ್ಮೆ ಸೀರೆಯ ಅಂಚಿನಲ್ಲಿ ಜರಿಯಲ್ಲಿ ನೇಯುವುದನ್ನು ನೋಡಿ ಬೆಳೆದವನು ನಾನು.

ಅಲ್ಲೊಂದು ಸಂಜೆ ಬಂದರಿನ ದೂರವಾಣಿಯಲ್ಲಿ ಅವ್ವನೊಡನೆ ಮಾತಾಡಿ ಹೊರಬಂದೆ. ಸರದಿಯಲ್ಲಿ ನಿಂತಿದ್ದ ಹಿರಿಯ ನಾವಿಕರೊಬ್ಬರು, ಉತ್ತರ ಕನ್ನಡದ ಕುಮಟಾ ಕಡೆಯವರು, ನನ್ನನ್ನು ದಿಟ್ಟಿಸಿ ಕೇಳಿದರು: ‘ತಮ್ಮಾ, ನೀನು ತಮಿಳಿನವನಲ್ಲವೇನೋ? ಈಗ ಆಡಿದ್ದು ಕನ್ನಡವಲ್ಲವೇ!’

ನನ್ನ ಮಾತಿಗೆ ಅವರು ನಗಲಿಲ್ಲ. ಹಳೆಯ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ನನಗೆ ಅಕ್ಷರ ತಿದ್ದಿಸಿದರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕನ್ನಡದಲ್ಲಿ ಬರೆದ ಮೊದಲ ಪದ ‘ಲಾಳಿ’. ಜೇಡರ ದಾಸಿಮಯ್ಯನೆಂಬ ನೇಕಾರ ಹನ್ನೊಂದನೆಯ ಶತಮಾನದಲ್ಲಿಯೇ ರಾಮನಾಥನ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದನೆಂದು ತಿಳಿದದ್ದೂ ಅವರಿಂದಲೇ. ಮಗ್ಗದ ಮುಂದೆ ಕುಳಿತವನೂ ಕನ್ನಡ ಬರೆಯಬಹುದಾಗಿತ್ತು ಎಂಬ ಸಂಗತಿ ನಿಮಗೆ ಪರೀಕ್ಷೆಯ ಒಂದು ಪ್ರಶ್ನೆ. ನನಗೆ ಅದು ಆ ರಾತ್ರಿಯ ನಿದ್ದೆಯನ್ನು ಕಳೆಯಿತು.

2004ರ ಡಿಸೆಂಬರ್ 26ರಂದು ಸುನಾಮಿ ಬಂತು. ನಮ್ಮ ನೌಕಾಪಡೆ ತಮಿಳುನಾಡು, ಅಂಡಮಾನ್, ಶ್ರೀಲಂಕಾ, ಇಂಡೋನೇಷ್ಯಾಗಳಿಗೆ ಏಕಕಾಲದಲ್ಲಿ ಹಡಗುಗಳನ್ನು ಕಳುಹಿಸಿತು. ಮೈಸೂರು, ಉದಯಗಿರಿ, ಆದಿತ್ಯ ಹಡಗುಗಳು ಮಾಲ್ಡೀವ್ಸಿಗೆ ಹೊರಟವು. ಅದರ ಹೆಸರು ಆಪರೇಷನ್ ಕ್ಯಾಸ್ಟರ್. ಸಮುದ್ರಕ್ಕಿಂತ ಒಂದಾಳೆತ್ತರವೂ ಇಲ್ಲದ ದ್ವೀಪಗಳವು. ಬಾವಿಗಳಿಗೆ ಉಪ್ಪುನೀರು ನುಗ್ಗಿ ಕುಡಿಯಲು ಹನಿ ನೀರಿರಲಿಲ್ಲ. ವೈದ್ಯರು ಗಾಯಾಳುಗಳನ್ನು ನೋಡಿದರು, ಇಂಜಿನ್ ಕೋಣೆಯವರಾದ ನಾವು ನೀರು ಕುಡಿದು ನಿಂತಿದ್ದ ಜನರೇಟರುಗಳನ್ನು ಬಿಚ್ಚಿ ಒಣಗಿಸಿ ಜೋಡಿಸಿದೆವು. ಒಂದು ಮಧ್ಯಾಹ್ನ ಕೆಲಸದ ನಡುವೆ ನೋಡಿದರೆ, ಮುದುಕನೊಬ್ಬ ಮುರಿದ ಗೋಡೆಗೆ ಒರಗಿ ಹರಿದ ಬಲೆಯನ್ನು ಸರಿಪಡಿಸುತ್ತಿದ್ದ. ಬಲೆಯ ಕಣ್ಣುಗಳಿಗೆ ಅವನು ಹಾಕುತ್ತಿದ್ದುದು ಅದೇ ಗಂಟು. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಪಕ್ಕದಲ್ಲಿ ಕುಳಿತು ಬಲೆಯ ಇನ್ನೊಂದು ತುದಿಯನ್ನು ಹಿಡಿದೆ. ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿ, ದಾರದ ಉಂಡೆಯನ್ನು ನನ್ನತ್ತ ಸರಿಸಿದ. ಅಲ್ಲಿಯವರೆಗೆ ನಾನು ಸಂಬಳಕ್ಕೆ ದುಡಿಯುತ್ತಿದ್ದೆ. ಆ ದಿನ ಮೊದಲ ಬಾರಿಗೆ, ನನ್ನನ್ನು ಇಲ್ಲಿಗೆ ಕಳುಹಿಸಿದ ದೇಶವೆಂಬುದೊಂದು ಇದೆ, ಅದು ಒಳ್ಳೆಯ ಕೆಲಸಕ್ಕೆ ಕಳುಹಿಸಿದೆ ಎನಿಸಿತು.

ಮರುವರ್ಷ, 2005ರ ಮೇ 31ರಂದು ಕಾರವಾರದಲ್ಲಿ ಹೊಸ ನೌಕಾನೆಲೆ ಸೇವೆಗೆ ಸೇರಿತು. ಬನವಾಸಿಯ ಕದಂಬರ ಹೆಸರನ್ನು ಹೊತ್ತ ಐಎನ್‌ಎಸ್ ಕದಂಬ. ಆಮೇಲೆ ಒಮ್ಮೆ ಕಾರವಾರದ ಬೀದಿಯಲ್ಲಿ ಅಂಗಡಿಗಳ ಫಲಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ನಡೆದೆ. ದಾರಿಹೋಕರಿಗೆ ಹುಚ್ಚನೆನಿಸಿರಬೇಕು.

ಹದಿನೈದು ವರ್ಷಗಳ ಸೇವೆ ಮುಗಿಸಿ 2006ರಲ್ಲಿ ಊರಿಗೆ ಮರಳಿದೆ. ನಮ್ಮ ಮನೆಯಲ್ಲಿ ಒಂದು ಮಗ್ಗ ಮಾತ್ರ ಉಳಿದಿತ್ತು. ಬೀದಿಯ ಹುಡುಗರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ, ಕೊಯಮತ್ತೂರಿನ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ನಾನು ಹೋದವನೇ ಆದ್ದರಿಂದ ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಒಂದು ನೋಟ್‌ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ, ಮಗ್ಗದ ಒಂದೊಂದು ಭಾಗಕ್ಕೂ ನಮ್ಮವರು ಹೇಳುವ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ. ಒಂದೇ ವಸ್ತುವಿಗೆ ಎರಡು ಮನೆಗಳಲ್ಲಿ ಎರಡು ಹೆಸರು. ಕೆಲವಕ್ಕೆ ತಮಿಳಿನ ಹೆಸರಷ್ಟೇ ಉಳಿದಿತ್ತು. ಕೊನೆಗೆ ನಮ್ಮ ಸೋದರತ್ತೆಯ ಬಳಿ ಗಂಟು ಹಾಕಿ ತೋರಿಸಿ ಕೇಳಿದೆ: ‘ಅತ್ತೆ, ಇದಕ್ಕೆ ಏನು ಹೆಸರು?’

‘ಅದಕ್ಕೆ ಯಾಕೋ ಹೆಸರು? ಎಳೆ ಕಡಿದರೆ ಕಟ್ಟುವುದು, ಅಷ್ಟೇ,’ ಎಂದರು.

ಅಪ್ಪನೂ ಹಾಗೆಯೇ ಹೇಳುತ್ತಿದ್ದರೇ, ಅವರಲ್ಲೊಂದು ಹೆಸರಿತ್ತೇ, ನನಗೆ ಇನ್ನು ತಿಳಿಯುವಂತಿಲ್ಲ. ಹಡಗಿನಲ್ಲಿ ಕಲಿತ ಇಪ್ಪತ್ತು ಗಂಟುಗಳ ಇಂಗ್ಲಿಷ್ ಹೆಸರುಗಳನ್ನು ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ. ಈ ಒಂದಕ್ಕಾಗಿ ನೋಟ್‌ಪುಸ್ತಕದಲ್ಲಿ ಬಿಟ್ಟ ಸಾಲು ಖಾಲಿಯಾಗಿಯೇ ಇದೆ.

ದೇವಾಂಗರಲ್ಲಿ ಒಂದು ಕಥೆಯಿದೆ. ಬತ್ತಲೆಯಿದ್ದ ಲೋಕಕ್ಕೆ ಬಟ್ಟೆ ನೇಯಲು ದೇವಲ ಮುನಿ ವಿಷ್ಣುವಿನ ನಾಭಿಕಮಲದಿಂದ ನೂಲನ್ನು ತಂದನಂತೆ. ಹಿಂದಿರುಗುವಾಗ ರಕ್ಕಸರು ಅಡ್ಡಗಟ್ಟಿದರು, ಚೌಡೇಶ್ವರಿ ಕಾಪಾಡಿದಳು. ಹೋಗುವುದಕ್ಕಿಂತ ನೂಲಿನೊಡನೆ ತಿರುಗಿ ಬರುವುದೇ ಕಷ್ಟವಾಗಿತ್ತೆಂದು ಆ ಕಥೆ ಹೇಳುತ್ತದೆ ಎಂದು ನನಗೆ ಈಗೀಗ ತೋರುತ್ತಿದೆ.

ವಿದ್ಯಾರ್ಥಿಮಿತ್ರರೇ, ನಿಮಗೆ ಅಕ್ಷರ ನನ್ನ ಹಾಗೆ ತಡವಾಗಿ ಸಿಕ್ಕಿದ್ದಲ್ಲ. ನಿಮ್ಮ ಮನೆಯಲ್ಲಿ ನೇಗಿಲಿದ್ದರೆ, ತಿಗುರಿಯಿದ್ದರೆ, ಬಲೆಯಿದ್ದರೆ, ಅದರ ಭಾಗಗಳ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರು. ಮುಂದಿನ ರಜೆಗೆಂದು ಬಿಡದೆ ಈ ರಜೆಯಲ್ಲಿಯೇ ಕೇಳಿ ಬರೆದುಕೊಳ್ಳಿ. ಸಿರುಮುಗೈಗೆ ಬರುವವರಿಗೆ ನನ್ನ ನೋಟ್‌ಪುಸ್ತಕವನ್ನು ತೋರಿಸುತ್ತೇನೆ. ಅತ್ತೆಗೆ ಎಂಬತ್ತು ದಾಟಿದೆ. ಬರುವುದಾದರೆ ಬೇಗ ಬನ್ನಿ.